ಕಣಜದೊಳಗಿನ ಅಕ್ಕ

ಮನುಷ್ಯರು ಇದುವರೆಗೆ ಮುದ್ರಿಸಿಟ್ಟುಕೊಂಡ ಸಂಗೀತವೆಲ್ಲ ಒಂದು ಹುಣಸೆ ಬೀಜದೊಳಗೆ ಹಿಡಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ದಾಕ್ಷಾಯಣಿ ನಕ್ಕುಬಿಡುತ್ತಿದ್ದಳು. ಈಗ ನಗುವ ಹಾಗಿರಲಿಲ್ಲ. ಆ ಬೀಜ ಅವಳ ಮೇಜಿನ ಮೇಲೇ ಇತ್ತು. ಅವಳು ಒಡ್ಡಿದ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ನುಂಗಿ, ಏನೂ ಆಗದಂತೆ ಹೊಳೆಯುತ್ತ ಕುಳಿತಿತ್ತು.

ಅದರ ಹೆಸರು ಕಣಜ. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಕಪ್ಪನೆಯ ಪುಟ್ಟ ಸಂಗೀತಯಂತ್ರ. ಪರದೆಯಿಲ್ಲ, ಗುಂಡಿಯಿಲ್ಲ, ತಂತಿಯಿಲ್ಲ. ಬೇಕಾದ ಹಾಡನ್ನು ಬಾಯಲ್ಲಿ ಹೇಳಿದರೆ ಸಾಕು. ಇಂಟರ್‌ನೆಟ್ಟಿನಿಂದ ಏನನ್ನೂ ಎಳೆದುಕೊಳ್ಳುತ್ತಿರಲಿಲ್ಲ, ಎಲ್ಲ ಅದರ ಹೊಟ್ಟೆಯಲ್ಲೇ ಇತ್ತು. ಧಾರವಾಡದ ಅಂಚಿನಲ್ಲಿರುವ ಧ್ವನಿ ಪರೀಕ್ಷಾಲಯದಲ್ಲಿ ಹಿರಿಯ ವಿಜ್ಞಾನಿಯಾಗಿದ್ದ ದಾಕ್ಷಾಯಣಿಗೆ ಇದನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಅಥವಾ ಕೊಡದಿರುವ ಕೆಲಸ ಬಂದಿತ್ತು.

ಬರೀ ಮಾರಾಟದ ಒಪ್ಪಿಗೆಯಾಗಿದ್ದರೆ ಅವಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊರೂರು ಅಲೆದು ಹೆಂಗಸರ ಹಾಡು, ಲಾವಣಿ, ಬಯಲಾಟದ ಪದಗಳನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದ ಒಂದು ಜಾನಪದ ಸಂಗ್ರಹಾಲಯ ಕಣಜವನ್ನು ನಂಬಿ ಕುಳಿತಿತ್ತು. ಅಲ್ಲಿನ ಟೇಪುಗಳಿಗೆ ಬೂಷ್ಟು ಹಿಡಿಯುತ್ತಿತ್ತು, ಗೋದಾಮು ಸೋರುತ್ತಿತ್ತು. ಪರೀಕ್ಷಾಲಯ ಹೂಂ ಅಂದರೆ ಎಲ್ಲವನ್ನೂ ಕಣಜಕ್ಕೆ ತುಂಬಿಸಿ, ಟೇಪುಗಳನ್ನು ಸುಟ್ಟು, ಆ ಜಾಗವನ್ನು ಬೇರೆಯದಕ್ಕೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿತ್ತು. ಸುಟ್ಟದ್ದು ಮರಳಿ ಬರುವುದಿಲ್ಲ. ದಾಕ್ಷಾಯಣಿಯ ನಿದ್ದೆ ಕೆಡಿಸಿದ್ದು ಅದು.

“ಇಷ್ಟು ಸಣ್ಣದರಾಗ ಇಷ್ಟೆಲ್ಲಾ ಹೆಂಗ ಹಿಡಸ್ತದ ಹೇಳ್ರಿ,” ಎಂದು ಅವಳು ಕಂಪನಿಯ ಎಂಜಿನಿಯರ್ ಮುಕುಂದ ಹೊಳ್ಳನನ್ನು ಮೊದಲ ದಿನವೇ ಕೇಳಿದ್ದಳು. ಬೆಂಗಳೂರಿನಿಂದ ಬಂದಿದ್ದ, ಸದಾ ನಗುಮುಖದ ಯುವಕ ಅವನು.

“ಮೇಡಂ, ನಾವು ಹಾಡನ್ನ ಪೂರ್ತಿ ಇಡಲ್ಲ. ಎಲುಬಿನ ಹಂದರ ಇಡ್ತೀವಿ. ನುಡಿಸುವಾಗ ಮಾಂಸ ತುಂಬ್ಕೊಳ್ಳುತ್ತೆ. ಲಕ್ಷಾಂತರ ದನಿ ಕೇಳಿ ಕಲಿತಿರೋ ಯಂತ್ರ ಅದು. ಯಾವ ಎಲುಬಿಗೆ ಎಂಥ ಮಾಂಸ ಅಂತ ಅದಕ್ಕೆ ಗೊತ್ತು.”

“ಗೊತ್ತಿಲ್ಲದ ಕಡೆ?”

“ಊಹೆ ಮಾಡುತ್ತೆ. ಆದ್ರೆ ತಪ್ಪಲ್ಲ. ನೀವೇ ಅಳೆದು ನೋಡಿ.”

ಅವಳು ಅಳೆದಳು. ಗೋಡೆ, ನೆಲ, ಛಾವಣಿಗೆಲ್ಲ ಸ್ಪಂಜಿನ ಹಲ್ಲುಗಳಿದ್ದ ನಿಶ್ಶಬ್ದ ಕೋಣೆಯಲ್ಲಿ ಒಂದು ರಬ್ಬರ್ ತಲೆಯಿತ್ತು. ಅದರ ಕಿವಿಗಳ ಆಳದಲ್ಲಿ ಮೈಕುಗಳಿದ್ದವು. ಕಣಜವನ್ನು ಆ ಕಿವಿಗೆ ಸಿಕ್ಕಿಸಿ ಶಿಳ್ಳೆಗಳಿಂದ ಹಿಡಿದು ಶಹನಾಯಿಯವರೆಗೆ ಎಲ್ಲ ನುಡಿಸಿದಳು. ಮೂಲ ಮುದ್ರಣದ ತಾಯಿಪ್ರತಿಗೂ ಕಣಜದ ದನಿಗೂ ಇದ್ದ ವ್ಯತ್ಯಾಸ ನಿಯಮ ಒಪ್ಪುವುದಕ್ಕಿಂತ ಎಷ್ಟೋ ಕಡಿಮೆಯಿತ್ತು. ಸಂಗ್ರಹಾಲಯದವರು ಕಳಿಸಿದ್ದ ಪಟ್ಟಿಯಿಂದ ಅವಳೇ ಆರಿಸಿ ತರಿಸಿದ ಹಳೆಯ ಟೇಪುಗಳನ್ನೂ ತುಂಬಿಸಿ ನೋಡಿದಳು. ಅವೂ ಪಾಸಾದವು.

ಆ ಟೇಪುಗಳಲ್ಲಿ ಒಂದನ್ನು ಅವಳು ಬೇಕೆಂದೇ ಆರಿಸಿದ್ದಳು. ನರಗುಂದದ ಕಡೆಯ ಹಳ್ಳಿಯೊಂದರಲ್ಲಿ ಬಹಳ ವರ್ಷಗಳ ಹಿಂದೆ ಇಬ್ಬರು ಅಕ್ಕತಂಗಿಯರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದ ಪದಗಳು ಅದರಲ್ಲಿದ್ದವು. ಅಕ್ಕನ ಹೆಸರು ಕಲ್ಲವ್ವ, ತಂಗಿಯ ಹೆಸರು ಬಾಳವ್ವ. ಬಾಳವ್ವ ದಾಕ್ಷಾಯಣಿಯ ಅತ್ತೆ. ಹಾಡಿದವರ ಕಿವಿಗೇ ಒಮ್ಮೆ ಬೀಳಲಿ, ಅವರಿಗಿಂತ ಚೆನ್ನಾಗಿ ತಪ್ಪು ಹಿಡಿಯುವವರು ಯಾರು ಎಂಬ ಎಣಿಕೆ ಅವಳದು. ಹೇಗೂ ಯಂತ್ರವನ್ನು ಸಾಮಾನ್ಯ ಜನ ಕೆಲವು ವಾರ ಮನೆಯಲ್ಲಿ ಬಳಸಿ ನೋಡಬೇಕೆಂಬ ನಿಯಮವಿತ್ತು. ಒಂದನ್ನು ಅತ್ತೆಗೆ, ಇನ್ನೊಂದನ್ನು ಗಂಡ ಗುರುಪಾದನಿಗೆ ಕೊಟ್ಟು, ಮೂರನೆಯದನ್ನು ತಾನಿಟ್ಟುಕೊಂಡಳು.

ಮೊದಲ ಅನುಮಾನ ಹುಟ್ಟಿದ್ದು ಅಡಿಗೆಮನೆಯಲ್ಲಿ.

ಅಂದು ಭಾನುವಾರ. ಸಪ್ತಾಪುರದ ಅವರ ಮನೆಯಲ್ಲಿ ದಾಕ್ಷಾಯಣಿ ಬದನೆಕಾಯಿ ಹೆಚ್ಚುತ್ತಿದ್ದಳು. ಗುರುಪಾದ ರೊಟ್ಟಿಗೆ ಹಿಟ್ಟು ನಾದುತ್ತಿದ್ದ. ಹೈಸ್ಕೂಲಿನಲ್ಲಿ ಆಟದ ಮಾಸ್ತರನಾಗಿದ್ದ ಅವನಿಗೆ ನಾದುವುದೂ ಒಂದು ವ್ಯಾಯಾಮ. ಇಬ್ಬರ ಕಿವಿಯಲ್ಲೂ ಕಣಜವಿತ್ತು. ಮದುವೆಯಾದ ಹೊಸದರಲ್ಲಿ ಇಬ್ಬರೂ ಮೆಚ್ಚಿ ಕೇಳುತ್ತಿದ್ದ ಹಳೆಯ ಸಿನಿಮಾ ಹಾಡೊಂದನ್ನು ಒಟ್ಟಿಗೇ ಶುರು ಮಾಡಿ, ಒಟ್ಟಿಗೇ ಗುನುಗತೊಡಗಿದರು. ಮೊದಲ ಚರಣ ಮುಗಿಯುವಷ್ಟರಲ್ಲಿ ಗುರುಪಾದ ಪಲ್ಲವಿಗೆ ಬಂದಾಗಿತ್ತು. ಅವಳು ಇನ್ನೂ ಕೊಳಲಿನ ನಡುವೆಯೇ ಇದ್ದಳು.

“ನೀ ಹಿಂದ ಬಿದ್ದಿ,” ಎಂದ ಗುರುಪಾದ.

“ನೀವs ಓಡಾಕತ್ತೀರಿ. ನಿಮ್ಮ ಹುಡುಗರಿಗೆ ಸೀಟಿ ಊದಿದಂಗ.”

“ಏ, ನಾ ಹಾಡಿನ ಜೋಡಿನs ಅದೀನಿ. ತಬಲಾ ಕೇಳು, ಹೆಂಗ ಹೊಂಟೈತಿ.”

ಅವಳ ಕಿವಿಯಲ್ಲಿ ತಬಲಾ ಹಾಗೆ ಓಡುತ್ತಿರಲಿಲ್ಲ. ನಿಧಾನವಾಗಿ, ತೂಗಿ ತೂಗಿ ನಡೆಯುತ್ತಿತ್ತು. ಅವಳು ನಗಲು ಹೋದವಳು ಈಳಿಗೆಯ ಮೇಲೆ ಕೈ ನಿಲ್ಲಿಸಿ ಹಾಗೇ ಕುಳಿತಳು. ಚುರುಕಾದದ್ದೆಲ್ಲ ಗಂಡನಿಗೆ ಇಷ್ಟ, ತನಗೆ ನಿಧಾನದ್ದು. ಒಂದೇ ಹಾಡು ಇಬ್ಬರಿಗೂ ಅವರವರಿಗೆ ಬೇಕಾದ ಹಾಗೆ ಕೇಳಿಸುತ್ತಿತ್ತು.

ಮರುದಿನ ಎರಡೂ ಯಂತ್ರಗಳನ್ನು ರಬ್ಬರ್ ತಲೆಯ ಎರಡು ಕಿವಿಗೆ ಹಾಕಿ ಅದೇ ಹಾಡು ನುಡಿಸಿದಳು. ಎರಡೂ ಕೂದಲೆಳೆಯಷ್ಟೂ ಹಿಂದುಮುಂದಾಗದೆ, ತಾಯಿಪ್ರತಿಯ ಲಯದಲ್ಲೇ ಓಡಿದವು. ಮತ್ತೆ ನುಡಿಸಿದಳು. ಹಾಡು ಬದಲಿಸಿ, ಕಿವಿ ಬದಲಿಸಿ, ಕೋಣೆಯ ಬಿಸಿ ಹೆಚ್ಚುಕಡಿಮೆ ಮಾಡಿ ನುಡಿಸಿದಳು. ಆ ವಾರವೆಲ್ಲ ಅದೇ ಆಯಿತು. ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಮಲಗಿ ಅವಳನ್ನು ಅಣಕಿಸುತ್ತಿದ್ದವು.

“ಮೇಡಮ್ಮರ, ಯಂತ್ರ ಪಾಸ್ ಅಂತದ, ನೀವು ಫೇಲ್ ಅಂತೀರಿ,” ಎಂದರು ನಿರ್ದೇಶಕ ಹೆಬಸೂರ. ಕನ್ನಡಕ ಒರೆಸಿಕೊಳ್ಳುತ್ತ ಮಾತಾಡುವುದು ಅವರ ರೂಢಿ. “ನಾ ಯಾರ ಮಾತು ಬರೀಲಿ?”

“ಸರ್, ಮನ್ಯಾಗ ಕೇಳಿದಾಗ ಬ್ಯಾರೆ ಆಗ್ತದ. ನಾನs ಕೇಳೀನಿ.”

“ನೀವು ಕೇಳಿದ್ದು ಪುರಾವೆ ಅಲ್ಲ. ಯಂತ್ರ ಅಳದದ್ದು ಪುರಾವೆ. ನನಗ ಇದನ್ನ ಕಲಿಸಿಕೊಟ್ಟವರು ನೀವs.”

ಅದು ನಿಜವಾಗಿತ್ತು. ಹೊಸಬರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಕಿವಿಯನ್ನು ನಂಬಬೇಡಿ ಎಂಬುದು. ಈಗ ಆ ಪಾಠವೇ ಅಡ್ಡಬಂದು ನಿಂತಿತ್ತು. ಅವಳು ಸಿಟ್ಟಿನಿಂದ ಕೋಣೆಗೆ ಮರಳಿ ರಬ್ಬರ್ ತಲೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು.

ಮನೆಯಲ್ಲಿ ಬಾಳವ್ವ ಮಾತ್ರ ಸುಖವಾಗಿದ್ದಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಚಹಾ ಕುಡಿದು, ಪಡಸಾಲೆಯ ಕಿಟಕಿಯ ಹತ್ತಿರ ಕಾಲು ಚಾಚಿ ಕುಳಿತರೆ ಕಣಜ ಕಿವಿಗೇರುತ್ತಿತ್ತು. ಅವಳು ಕೇಳುತ್ತಿದ್ದುದು ಒಂದನ್ನೇ, ಅಕ್ಕನ ಜೊತೆ ತಾನು ಹಾಡಿದ್ದ ಪದಗಳನ್ನು.

ಅಕ್ಕತಂಗಿಯರು ಒಂದೇ ಮನೆಗೆ, ಅಣ್ಣತಮ್ಮಂದಿರಿಗೆ ಕೊಟ್ಟವರು. ಹಗಲೆಲ್ಲ ಜಗಳ, ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಉಣ್ಣುತ್ತಿರಲಿಲ್ಲ. ಗುರುಪಾದನ ಮದುವೆಯ ಹೊತ್ತಿಗೆ ಅದು ಕೆಟ್ಟಿತು. ಆಗ ಕಲ್ಲವ್ವ ಮಗಳ ಊರಿನಲ್ಲಿದ್ದಳು. ಬಾಳವ್ವ ಕುಂಕುಮ ಹಚ್ಚಿ ಕರೆಯಲು ತಾನು ಹೋಗದೆ ಬೇರೆಯವರ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದಳು. ಕಲ್ಲವ್ವ ಮದುವೆಗೆ ಬರಲಿಲ್ಲ. ತಂಗಿಯೂ ಹೋಗಿ ಕೇಳಲಿಲ್ಲ. ಮಾತು ನಿಂತಿತು. ನಿಂತ ಮಾತು ಮತ್ತೆ ಶುರುವಾಗುವ ಮೊದಲೇ ಕಲ್ಲವ್ವ ತೀರಿಕೊಂಡಳು.

“ದಾಕ್ಷಾಯಣಿ, ನೀ ತಂದುಕೊಟ್ಟ ಈ ಬೀಜದಿಂದ ನನಗ ಭಾಳ ಉಪಕಾರ ಆತು,” ಎಂದಳು ಬಾಳವ್ವ ಒಂದು ದಿನ. ಅವಳ ಕಣ್ಣು ತುಂಬಿದ್ದವು, ಮುಖ ನಗುತ್ತಿತ್ತು. “ಅಕ್ಕಗ ನನ್ನ ಮ್ಯಾಲೆ ಸಿಟ್ಟಿರಲಿಲ್ಲ. ನಾನs ತಪ್ಪು ತಿಳಿದುಕೊಂಡಿದ್ದೆ. ಹೆಂಗ ಹಾಡ್ಯಾಳ ಕೇಳು ನನ್ನ ಮ್ಯಾಲೆ.”

ಕಣ್ಣು ಮುಚ್ಚಿ, ತಲೆ ತೂಗುತ್ತ ಹಾಡಿ ತೋರಿಸಿದಳು.

*ಕಣ್ಣಿಗಿ ಕಾಡೀಗಿ ಹಚ್ಚಿ ಬಂದಾಳ ತಂಗಿ*
*ಬೀಸೂವ ಗೂಟ ಹಿಡಿಬ್ಯಾಡ | ನನ್ನವ್ವ*
*ಹೂವಿನ ಕೈಯಿ ನೊಂದಾವು*

ದಾಕ್ಷಾಯಣಿ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಬಂದಳು. ಆ ಟೇಪನ್ನು ಅವಳು ಪರೀಕ್ಷೆಗಾಗಿ ಎಷ್ಟು ಸಲ ಕೇಳಿದ್ದಳೆಂದರೆ ನಡುವೆ ಬರುವ ಕಲ್ಲವ್ವನ ಕೆಮ್ಮು, ಹಿಂದೆಲ್ಲೋ ಒದರುವ ಎಮ್ಮೆ ಕೂಡ ಬಾಯಿಪಾಠವಾಗಿದ್ದವು. ಟೇಪಿನಲ್ಲಿದ್ದದ್ದು ಇದಲ್ಲ. ಟೇಪಿನ ಕಲ್ಲವ್ವ, ಒಡಕು ದನಿಯಲ್ಲಿ ತಂಗಿಯ ಮುಖಕ್ಕೇ ರಾಚುವ ಹಾಗೆ ಹಾಡಿದ್ದಳು:

*ಕಣ್ಣಿಗಿ ಕಾಡೀಗಿ ಹಚ್ಚಿ ಕುಂತಾಳ ತಂಗಿ*
*ಬೀಸೂವ ಗೂಟ ಹಿಡಿವಲ್ಲಳು | ನನ್ನವ್ವ*
*ಹಿಟ್ಟಿಗಿ ಮಾತ್ರ ಮುಂದವಳು*

“ಅತ್ತಿ, ಅದನ್ನ ಸ್ವಲ್ಪ ಕೊಡ್ರಿ ಇಲ್ಲೆ,” ಎಂದು ಕಣಜವನ್ನು ತೆಗೆದುಕೊಂಡು ತನ್ನ ಕಿವಿಗೆ ಹಾಕಿಕೊಂಡಳು. ಅದೇ ಪದ ಕೇಳಿದಳು. *ಗೂಟ ಹಿಡಿವಲ್ಲಳು*, ಕೆಮ್ಮು, *ಹಿಟ್ಟಿಗಿ ಮಾತ್ರ ಮುಂದವಳು*, ಎಮ್ಮೆ. ಎಲ್ಲ ಟೇಪಿನಲ್ಲಿದ್ದಂತೆಯೇ ಇತ್ತು. ತೆಗೆದು ಅತ್ತೆಗೆ ಕೊಟ್ಟಳು. ಬಾಳವ್ವ ಹಾಕಿಕೊಂಡು ಮತ್ತೆ ತಲೆ ತೂಗತೊಡಗಿದಳು. ಅವಳ ತುಟಿಗಳು *ಹೂವಿನ ಕೈಯಿ* ಎನ್ನುತ್ತಿದ್ದವು.

ಯಂತ್ರ ಕಿವಿಯನ್ನು ಗುರುತಿಸುತ್ತಿತ್ತು.

ಅದು ಹೊಳೆದ ಮೇಲೆ ಉಳಿದದ್ದು ತಾನಾಗಿಯೇ ಬಿಡಿಸಿಕೊಂಡಿತು. ಕಿವಿ ಕೇಳುವುದಷ್ಟೇ ಅಲ್ಲ, ತೀರ ಸಣ್ಣಗೆ ತಾನೂ ಮರುದನಿ ಹೊರಡಿಸುತ್ತದೆ. ಕೂಸುಗಳ ಕಿವಿ ಪರೀಕ್ಷೆಗೆ ವೈದ್ಯರು ಬಳಸುವುದು ಆ ಮರುದನಿಯನ್ನೇ. ಮುಂದಿನ ಸ್ವರ ಹೀಗಿರಲಿ ಎಂದು ಮನಸ್ಸು ಕಾದಾಗ ಆ ಮರುದನಿ ಒಂಚೂರು ಬದಲಾಗುತ್ತದೆ. ಕಣಜದೊಳಗಿನ ಯಂತ್ರ ಅದನ್ನು ಹಿಡಿಯುತ್ತಿತ್ತು. ಎಲುಬಿನ ಮೇಲೆ ಮಾಂಸ ತುಂಬುವಾಗ ಊಹೆ ಬೇಕಲ್ಲ, ಆ ಊಹೆಯನ್ನು ಕೇಳುವವರ ಆಸೆಯಿಂದಲೇ ತೆಗೆದುಕೊಳ್ಳುತ್ತಿತ್ತು. ಕೇಳಿದಷ್ಟೂ ಕಲಿಯುತ್ತ, ಕಲಿತಷ್ಟೂ ಆಸೆಯ ಕಡೆಗೆ ಸರಿಯುತ್ತಿತ್ತು. ಮೊದಲು ಕೆಮ್ಮು ಹೋಗಿರಬೇಕು, ಆಮೇಲೆ ಒಡಕು, ಕೊನೆಗೆ ಮಾತು. ರಬ್ಬರ್ ತಲೆಗೆ ಮರುದನಿಯೂ ಇಲ್ಲ, ಆಸೆಯೂ ಇಲ್ಲ. ಅದರ ಎದುರು ಯಂತ್ರ ಇದ್ದುದನ್ನು ಇದ್ದ ಹಾಗೆ ಒಪ್ಪಿಸುತ್ತಿತ್ತು. ಕಲ್ಲವ್ವನ ಪದ ಬಾಯಿಪಾಠವಾಗಿದ್ದ ದಾಕ್ಷಾಯಣಿಯ ಕಿವಿ ಟೇಪಿನದನ್ನೇ ಕಾದಿತ್ತು, ಅದಕ್ಕೇ ಅವಳಿಗೆ ಟೇಪಿನಲ್ಲಿದ್ದಂತೆಯೇ ಕೇಳಿಸಿತ್ತು.

ಕೂದಲಿನಷ್ಟು ತೆಳ್ಳಗಿನ ನಳಿಕೆಯ ಮೈಕೊಂದನ್ನು ಹೊಂದಿಸಿ, ಕಣಜದ ಜೊತೆಗೇ ತನ್ನ ಕಿವಿಯೊಳಗೆ ಇಳಿಸಿಕೊಂಡು, ಕಿವಿಗೆ ನಿಜವಾಗಿ ಬೀಳುವ ದನಿಯನ್ನು ದಾಕ್ಷಾಯಣಿ ಮುದ್ರಿಸಿಕೊಂಡಳು. ತಾನು ಮೆಚ್ಚಿ ಕೇಳುತ್ತಿದ್ದ ಸಿನಿಮಾ ಹಾಡಿನ ಎರಡು ಗೆರೆಗಳು, ತಾಯಿಪ್ರತಿಯದೊಂದು, ಕಿವಿಯೊಳಗಿನದೊಂದು, ಈ ಸಲ ಒಂದರ ಮೇಲೊಂದು ಮಲಗಲಿಲ್ಲ, ಬೇರೆ ಬೇರೆ ದಾರಿ ಹಿಡಿದವು. ಅವಳು ಓಡಿಹೋಗಿ ಹೆಬಸೂರರಿಗೆ ತೋರಿಸಿದಳು.

ಅವರು ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಿದರು. “ಇದು ಯಾರ ಕಿವಿ?”

“ನಂದು.”

“ತಪ್ಪು ಹುಡುಕೂದು ನೀವು, ಕಿವಿ ನಿಮ್ಮದು, ಮೈಕು ನಿಮ್ಮದು. ಹೊಳ್ಳ ಎದುರಿಗೆ ಕುಂತು ಕೇಳಿದ್ರ ನಾ ಏನು ಹೇಳ್ಲಿ? ಲಯ ಚೂರು ನಿಧಾನ ಆದರ ಏನಾತು ಅಂತಾನ. ಸಂಗ್ರಹಾಲಯದವರು ದಿನಾ ಫೋನ್ ಮಾಡಾಕತ್ತಾರ ದಾಕ್ಷಾಯಣಿ ಅವರ. ಕಣ್ಣಿಗೆ ಹೊಡಿಯೂವಂಥದ್ದು ತರ್ರಿ. ಇಲ್ಲಾಂದ್ರ ನಾ ಸಹಿ ಮಾಡ್ತೀನಿ.”

ಕಣ್ಣಿಗೆ ಹೊಡೆಯುವಂಥದ್ದು ಅವಳ ಮನೆಯ ಕಿಟಕಿಯ ಹತ್ತಿರವೇ ಕಾಲು ಚಾಚಿ ಕುಳಿತಿತ್ತು. ಅದನ್ನು ತರುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕೆಲವು ದಿನ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ತಿರುಗಿದಳು. ಕೊನೆಗೆ ಗಂಡನಿಗೆ ಹೇಳಿದಳು.

ಗುರುಪಾದ ಸಿಡಿದುಬಿದ್ದ. “ಆಕಿ ಎಷ್ಟೋ ವರ್ಷದ ಮ್ಯಾಲೆ ನಗಾಕತ್ತಾಳ. ಅದನ್ನ ಕಸಗೊಂಡು ನಿನ್ನ ಗ್ರಾಫ್ ಮಾಡ್ತೀ ಏನು?”

“ಗ್ರಾಫ್ ಅಲ್ಲ. ಆ ಟೇಪೆಲ್ಲಾ ಸುಡತಾರ. ಕಲ್ಲವ್ವನ ದನಿ ಇರೂದು ಅದೊಂದರಾಗ.”

“ಇದರಾಗೂ ಐತೆಲ್ಲ.”

“ಇದರಾಗಿರಾಕಿ ಕಲ್ಲವ್ವ ಅಲ್ಲರೀ. ನಿಮ್ಮವ್ವನs ಆಕಿ. ನಿಮ್ಮವ್ವಗ ಏನು ಬೇಕೋ ಅದನ್ನ ಹೇಳಾಕತ್ತೈತಿ ಅದು.”

“ಕೇಳಾಕ ಛಲೋ ಐತಿ. ಇನ್ನೇನ ಬೇಕು ಮನಷ್ಯಾಗ?”

ಗಂಡ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲವೆಂಬುದೇ ಅವಳನ್ನು ಇನ್ನಷ್ಟು ಕೆರಳಿಸಿತು.

ಅತ್ತೆಗೆ ಅವಳು ಅರ್ಧ ಮಾತ್ರ ಹೇಳಿದಳು. ಯಂತ್ರ ದನಿಯನ್ನು ಸ್ವಲ್ಪ ಬದಲಾಯಿಸುತ್ತದೆಂಬ ಅನುಮಾನವಿದೆ, ನಿಮ್ಮ ಕಿವಿಯಲ್ಲಿ ಒಂದು ಪರೀಕ್ಷೆ ಮಾಡಬೇಕು ಎಂದಳು. ಬಾಳವ್ವ ಇಳಕಲ್ ಸೀರೆ ಉಟ್ಟು, ಸಂಭ್ರಮದಿಂದಲೇ ಹೊರಟಳು. ಸೊಸೆಯ ಆಫೀಸನ್ನು ಅವಳು ನೋಡಿರಲಿಲ್ಲ.

ಹೆಬಸೂರರೂ ಹೊಳ್ಳನೂ ಗಾಜಿನಾಚೆ ನಿಂತಿದ್ದರು. ಸ್ಪಂಜಿನ ಗೋಡೆಗಳ ನಡುವೆ ಕುರ್ಚಿಯ ಮೇಲೆ ಬಾಳವ್ವ ಕುಳಿತಳು. “ಯವ್ವಾ, ಇಲ್ಲೆ ನನ್ನ ದನಿ ನನಗs ಕೇಳಸವಲ್ದು,” ಎಂದು ಮೊದಲು ಗಾಬರಿಯಾದಳು. ನಳಿಕೆ ಕಿವಿಗೆ ಇಳಿದಾಗ ಕಚಗುಳಿಯಿಂದ ನಕ್ಕಳು. ಆಮೇಲೆ ಕಣಜ ಹಾಡತೊಡಗಿತು. ಅವಳ ಮುಖ ಮೆತ್ತಗಾಯಿತು.

ಗಾಜಿನ ಈಚೆ, ಅವಳ ಕಿವಿಯೊಳಗಿನ ದನಿ ಸ್ಪೀಕರಿನಲ್ಲಿ ಬಂತು. *ಬೀಸೂವ ಗೂಟ ಹಿಡಿಬ್ಯಾಡ, ನನ್ನವ್ವ.* ಕೆಮ್ಮಿಲ್ಲ, ಒಡಕಿಲ್ಲ, ಎಮ್ಮೆಯಿಲ್ಲ. ಜೇನಿನಂಥ ದನಿ. ದಾಕ್ಷಾಯಣಿ ಅದರ ಬೆನ್ನಿಗೇ ಟೇಪನ್ನು ಹಚ್ಚಿದಳು. *ಗೂಟ ಹಿಡಿವಲ್ಲಳು.* ಹೆಬಸೂರರ ಕೈ ಕನ್ನಡಕದ ಮೇಲೆ ಹಾಗೇ ನಿಂತಿತು.

“ಮಾತs ಬದಲಾಗ್ಯಾವ,” ಎಂದರು ಮೆಲ್ಲಗೆ.

ಹೊಳ್ಳನ ನಗು ಮಾಯವಾಗಿತ್ತು. ಆದರೆ ಅವನು ಸೋಲುವವನಲ್ಲ. “ಇಷ್ಟು ದೂರ ಹೋಗುತ್ತೆ ಅಂತ ನಮಗೂ ಗೊತ್ತಿರಲಿಲ್ಲ, ಒಪ್ಕೋತೀನಿ,” ಎಂದ. “ಆದ್ರೆ ಮೇಡಂ, ಇದರಿಂದ ಯಾರಿಗೆ ಏನು ನಷ್ಟ ಆಯ್ತು? ಆ ಅಮ್ಮನ ಮುಖ ನೋಡಿ. ಅವರನ್ನೇ ಕೇಳೋಣ. ಯಾವುದು ಬೇಕು ಅಂತ ಅವರೇ ಹೇಳಲಿ.”

“ಬ್ಯಾಡ್ರಿ,” ಎಂದಳು ದಾಕ್ಷಾಯಣಿ. ಅಷ್ಟರಲ್ಲಿ ಬಾಳವ್ವ ಕಣಜವನ್ನು ತೆಗೆದು ಗಾಜಿನ ಕಡೆಗೆ ನೋಡುತ್ತಿದ್ದಳು. ಮೂವರ ಮುಖದಲ್ಲಿ ಏನನ್ನು ಓದಿದಳೋ, ಎದ್ದು ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು.

“ಏನ ಆತು? ಏನೋ ಮುಚ್ಚಿಡಾಕತ್ತೀರಿ. ನನಗೂ ಕೇಳಸ್ರಿ.”

ಬಾಳವ್ವ ಸೊಸೆಯನ್ನೇ ನೋಡುತ್ತ ನಿಂತಳು. ದಾಕ್ಷಾಯಣಿ ಟೇಪನ್ನು ಹಿಂದಕ್ಕೆ ಸುತ್ತಿ, ಗುಂಡಿ ಒತ್ತಿದಳು.

ಬೀಸುವ ಕಲ್ಲಿನ ಗರಗರ ಸದ್ದು ಕೋಣೆ ತುಂಬಿತು. ಅದರ ಮೇಲೆ ಕಲ್ಲವ್ವನ ದನಿ, ಒರಟಾಗಿ, ಅವಸರವಾಗಿ, ಸಿಟ್ಟಾಗಿ. ಮೂರು ಸಾಲು ಮುಗಿಯುವವರೆಗೂ ಬಾಳವ್ವ ಕೇಳಿದಳು. ಅವಳ ಕೈ ಸೆರಗನ್ನು ಹುಡುಕುತ್ತಿತ್ತು.

“ಬಂದ್ ಮಾಡು,” ಎಂದಳು.

ದಾಕ್ಷಾಯಣಿ ಬಂದ್ ಮಾಡಿದಳು.

“ಇದು ಅಕ್ಕನ ದನಿ. ಇಷ್ಟು ದಿನ ಅದರಾಗ ಹಾಡಿದಾಕಿ ಯಾರ?”

“ಯಾರೂ ಅಲ್ಲ ಅತ್ತಿ. ಯಂತ್ರ. ನೀವು ಬಯಸಿದ್ದನ್ನ ಅದು ಹಾಡಿತು.”

“ನಿನಗ ಇದು ಮೊದಲs ಗೊತ್ತಿತ್ತು?”

“ಗೊತ್ತಿತ್ತು.”

ಬಾಳವ್ವ ಕಣಜವನ್ನು ಮೇಜಿನ ಮೇಲಿಟ್ಟು, ತಿರುಗಿ ನೋಡದೆ ಬಾಗಿಲ ಕಡೆಗೆ ನಡೆದಳು. ಮನೆಗೆ ಬಂದು ಸೀರೆ ಬದಲಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮುಂದಿನ ದಿನಗಳು ದಾಕ್ಷಾಯಣಿಗೆ ಎರಡೂ ಕಡೆ ಕಷ್ಟದವಾದವು. ಅತ್ತೆ ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದಳು, ಆದರೆ ಮಾತಿಲ್ಲ. ಬೇಕಾದದ್ದನ್ನು ಮಗನಿಗೆ ಹೇಳಿ ತರಿಸಿಕೊಳ್ಳುತ್ತಿದ್ದಳು. ಗುರುಪಾದನೂ ಮುಖ ಬಿಗಿದುಕೊಂಡಿದ್ದ. ಆದರೂ ಸಂಜೆ ಅವನ ಕಿವಿಯಲ್ಲಿ ಕಣಜ ಇದ್ದೇ ಇರುತ್ತಿತ್ತು. ಅದೆಲ್ಲ ಸುಳ್ಳೆಂದು ತಿಳಿದ ಮೇಲೂ ಹೇಗೆ ಕೇಳುತ್ತೀರಿ ಎಂದು ಒಮ್ಮೆ ರೇಗಿದಳು. “ನನ್ನ ಹಾಡಿನ್ಯಾಗ ಯಾವ ಸತ್ತವರೂ ಇಲ್ಲ ಬಿಡು,” ಎಂದು ಅವನು ಎದ್ದು ಹೋದ.

ಪರೀಕ್ಷಾಲಯದಲ್ಲಿ ತೀರ್ಮಾನ ಬಂತು. ಹೆಬಸೂರ ಅವಳನ್ನು ಕರೆದು ಕೂರಿಸಿದರು. ಮನರಂಜನೆಯ ಯಂತ್ರವಾಗಿ ಕಣಜವನ್ನು ಮಾರಬಹುದು. ಅದು ಹೀಗೆ ಮಾಡಬಾರದೆಂದು ಯಾವ ನಿಯಮದಲ್ಲೂ ಇಲ್ಲ, ಏಕೆಂದರೆ ನಿಯಮ ಬರೆದವರಿಗೆ ಇಂಥದ್ದೊಂದು ಬರುತ್ತದೆಂಬ ಕಲ್ಪನೆ ಇರಲಿಲ್ಲ. ಪೆಟ್ಟಿಗೆಯ ಮೇಲೆ ‘ಕೇಳುಗರಿಗೆ ಹೊಂದಿಕೊಳ್ಳುವ ಸಂಗೀತ’ ಎಂದು ಕಂಪನಿ ಅಚ್ಚು ಹಾಕಿಸುತ್ತದಂತೆ.

“ಅಂದ್ರ ನಾ ಕಂಡುಹಿಡಿದ ದೋಷನs ಅವರಿಗೆ ಜಾಹೀರಾತು ಆತು,” ಎಂದಳು ದಾಕ್ಷಾಯಣಿ.

“ಆತು. ಏನ್ಮಾಡೂದು? ಆದರ ಸಂಗ್ರಹಾಲಯಕ್ಕ ಬ್ಯಾಡ ಅಂತ ಬರದೀನಿ. ಅಲ್ಲೆ ನಿಮ್ಮ ಅತ್ತಿಯವರ ಕಿವಿ ಕೆಲಸ ಮಾಡ್ತು. ಟೇಪು ಸುಡೂದಿಲ್ಲ. ನಿನ್ನೆ ಹಂಗಂತ ಹೇಳ್ಯಾರ. ಸದ್ಯಕ್ಕ ನಮ್ಮ ತಳಮನಿಯೊಳಗ ಇಟಗೋರಿ ಅಂದಾರ.”

ಅರ್ಧ ಗೆಲುವು. ಅವಳಿಗೆ ಅದು ಗೆಲುವೆಂದೇ ಅನ್ನಿಸಲಿಲ್ಲ. ಊರ ತುಂಬ ಜನ ತಮಗೆ ಬೇಕಾದ ಹಾಡನ್ನು ತಾವೇ ಕೇಳಿಕೊಳ್ಳುತ್ತ, ಅದನ್ನು ಯಾರೋ ಹಾಡಿದರೆಂದು ನಂಬಿಕೊಂಡು ಓಡಾಡುವುದನ್ನು ನೆನೆದು ಬಾಯಿ ಕಹಿಯಾಯಿತು. ಟೇಪುಗಳು ಬಂದಿಳಿದವು. ಅವಳೇ ನಿಂತು ಬೂಷ್ಟು ಒರೆಸಿ, ಒಣ ಕೋಣೆಯಲ್ಲಿ ಜೋಡಿಸಿದಳು.

ಅದೇ ವಾರ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾವಲಿನವನು ಬಂದು ಯಾರೋ ಅಮ್ಮ ಬಂದಿದ್ದಾರೆ ಎಂದ. ಹೊರಗೆ ಆಟೋದಿಂದ ಬಾಳವ್ವ ಇಳಿಯುತ್ತಿದ್ದಳು. ಮನೆಯಲ್ಲಿ ಉಡುವ ಸೀರೆಯಲ್ಲೇ ಬಂದಿದ್ದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಅತ್ತಿ! ಒಬ್ಬರs ಬಂದ್ರಿ? ಏನಾತು?”

“ಏನೂ ಆಗಿಲ್ಲ. ಅಕ್ಕಂದು ಹಚ್ಚು.”

“ಮನಸ್ಸಿಗೆ ಬ್ಯಾಸರ ಆಗ್ತದ—”

“ಆಗಲಿ ಬಿಡು. ಹಚ್ಚು ಅಂದೆ.”

ದಾಕ್ಷಾಯಣಿ ಅವಳನ್ನು ತಳಮನೆಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದಳು. ಟೇಪು ಹುಡುಕಿ ಟೇಪ್ ರೆಕಾರ್ಡರಿಗೆ ಹಾಕಿದಳು. ಬೀಸುವ ಕಲ್ಲು ಗರಗರ ಎಂದಿತು. ಕಲ್ಲವ್ವ ಹಾಡಿದಳು. ಕಾಡಿಗೆ, ಗೂಟ, ಕೆಮ್ಮು, ಹಿಟ್ಟು. ಬಾಳವ್ವ ಮುಂದಕ್ಕೆ ಬಾಗಿ, ಎದುರಿಗೆ ಯಾರೋ ಕುಳಿತಿದ್ದಾರೆಂಬಂತೆ ಸ್ಪೀಕರನ್ನೇ ದುರುಗುಟ್ಟಿ ನೋಡುತ್ತ ಕೇಳಿದಳು.

“ನಿಲ್ಲಸು,” ಎಂದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, “ಅದರಾಗಿನಾಕಿ ಭಾಳ ಛಲೋ ಮಾತಾಡತಿದ್ಲು. ಕೇಳೂದು, ಅಳೂದು, ಅಷ್ಟs. ತಿರುಗಿ ಒಂದು ಮಾತು ಆಡಾಕ ನನಗ ಜಾಗಾನs ಇರಲಿಲ್ಲ. ಇಕಿ ನೋಡು, ಹೆಂಗ ಚುಚ್ಚತಾಳ. ಅವತ್ತೂ ಹಿಂಗs ಚುಚ್ಚಿದ್ಲು. ಪ್ಯಾಟಿ ಮಂದಿ ಮೈಕ್ ಹಿಡಕೊಂಡು ಕುಂತಾರ ಅಂತ ನಾ ನಾಚಿ ಸುಮ್ಮಕ ಕುಂತೆ. ಅವರು ಹೋದಮ್ಯಾಲೆ ಹೇಳಿದ್ರಾತು ಅಂತ ಬಿಟ್ಟೆ. ಆಮ್ಯಾಲೆ ಮರ್ತೆ.”

“ಏನ ಹೇಳೋದಿತ್ತು ಅತ್ತಿ?”

ಬಾಳವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗಂಟಲು ಸರಿಮಾಡಿಕೊಂಡು, ತೊಡೆಯ ಮೇಲೆ ಅಂಗೈಯಿಂದ ಹೆಟ್ಟುತ್ತ, ಮುದಿ ದನಿಯನ್ನು ಎಷ್ಟು ಮೇಲಕ್ಕೆ ಏರಿಸಬಹುದೋ ಅಷ್ಟು ಏರಿಸಿ ಹಾಡಿದಳು.

*ಹಿಟ್ಟೀನ ಮಾತ್ಯಾಕ ಎತ್ತೀದಿ ಅಕ್ಕವ್ವ*
*ನಿನ ರೊಟ್ಟಿ ಕಡದವರ ಹಲ್ಲೆಲ್ಲ | ಅಂಗಳದಾಗ*
*ಕಸಬರಿಗಿ ಹಿಡಿದು ಬಳದೇನ*

ದಾಕ್ಷಾಯಣಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳಿಂದ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಗೇ ಹೊರಬಂದ ಹಾಗೆ, ಟೇಪುಗಳ ಕಪಾಟಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಾಳವ್ವ ನಗಲಿಲ್ಲ. ಅವಳ ಮೂಗಿನ ಹೊರಳೆಗಳು ಅರಳಿದ್ದವು, ಕೆನ್ನೆ ಕೆಂಪಾಗಿತ್ತು.

“ಏನ ನಗತೀ? ಖರೇನs ಅದು. ಆಕಿ ರೊಟ್ಟಿ ಅಂದ್ರ ಹಂಚಿನಂಗ ಇರತಿದ್ದವು.” ಸ್ಟೂಲನ್ನು ಸ್ಪೀಕರಿನ ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. “ಮುಂದಿಂದು ಹಚ್ಚು ಈಗ. ಮುಂದಿನ ನುಡಿಯಾಗ ಆಕಿ ನನ್ನ ಗಂಡನ್ನ ಎತ್ತಿ ಅಂದಾಳ. ಅದನ್ನ ನಾ ಬಿಡಾಕಿ ಅಲ್ಲ.”